ಇಪ್ಪತ್ತೈದು ಚೌಕಗಳ ಬಲಮೂಲೆ

ಆಫೀಸಿನಲ್ಲಿ ನನ್ನನ್ನು ಮ್ಯಾಕ್ರೋ ಭಾಯ್ ಎಂದು ಕರೆಯುತ್ತಾರೆ. ಇದನ್ನು ಕೇಳಿ ನಾನೇನೋ ದೊಡ್ಡ ಪ್ರೋಗ್ರಾಮರ್ ಎಂದುಕೊಳ್ಳಬೇಡಿ. ನೋಯ್ಡಾದ ಒಂದು ಕಂಪನಿಯಲ್ಲಿ ಸಾಹೇಬರುಗಳಿಗೆ ಸ್ಲೈಡು ಮಾಡಿಕೊಡುವುದು ನನ್ನ ಕೆಲಸ. ಸ್ಲೈಡುಗಳು ಸಾಮಾನ್ಯವಾಗಿ ಒಂದರ ಹಿಂದೆ ಒಂದು ಬರುತ್ತವೆ, ಎಲ್ಲಿ ಒತ್ತಿದರೂ ಮುಂದಿನದಕ್ಕೆ ಹಾರುತ್ತವೆ. ನಾನು ಅದರೊಳಗೆ ನಾಲ್ಕು ಸಾಲಿನ ಮ್ಯಾಕ್ರೋ ಬರೆದಿಡುತ್ತೇನೆ. ಈ ಗುಂಡಿ ಒತ್ತಿದರೆ ಹದಿನಾಲ್ಕನೆಯ ಸ್ಲೈಡಿಗೆ ಹೋಗು, ಆ ಗುಂಡಿ ಒತ್ತಿದರೆ ಮೊದಲನೆಯದಕ್ಕೆ ಬಾ, ಬೇರೆಲ್ಲಿ ಒತ್ತಿದರೂ ಅಲ್ಲಾಡಬೇಡ ಎಂದು ಕಂಪ್ಯೂಟರಿಗೆ ಹೇಳಿಡುವ ಆಜ್ಞೆ ಅದು. ಇಷ್ಟು ಕಲಿಯಲು ಯಾರಿಗಾದರೂ ಒಂದು ವಾರ ಸಾಕು. ನಮ್ಮ ಆಫೀಸಿನಲ್ಲಿ ಯಾರೂ ಆ ಒಂದು ವಾರ ಕೊಡಲಿಲ್ಲವಾದ್ದರಿಂದ ನಾನು ಭಾಯ್ ಆದೆ.

ನಮ್ಮ ಸಾಹೇಬರಿಗೆ ಇದರ ರುಚಿ ಹತ್ತಿದ್ದು ಒಂದು ಸಣ್ಣ ಉಪಾಯದಿಂದ. ಕೆಲಸ ತಡವಾದ ಲೆಕ್ಕ ತೋರಿಸುವ ಸ್ಲೈಡು ಒಂದಿತ್ತು. ಗಿರಾಕಿಯ ಮುಖ ಚೆನ್ನಾಗಿದ್ದರೆ ಅದನ್ನು ತೋರಿಸಬೇಕು, ಗಂಟಿಕ್ಕಿಕೊಂಡಿದ್ದರೆ ತೋರಿಸಬಾರದು. ಹಾಗೆ ಮಾಡಲಾಗುತ್ತದೆಯೇ ಎಂದು ಕೇಳಿದರು. ಮುಂದೆ ಹೋಗುವ ಗುಂಡಿಯ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ಚಿಕ್ಕ ಚೌಕ ಕೂರಿಸಿದೆ. ನಡುವೆ ಒತ್ತಿದರೆ ಆ ಸ್ಲೈಡು ಬರುತ್ತದೆ, ಮೂಲೆಯಲ್ಲಿ ಒತ್ತಿದರೆ ಅದನ್ನು ಹಾರಿ ಮುಂದಿನದು ಬರುತ್ತದೆ. ನೋಡುವವರಿಗೆ ಏನೂ ತಿಳಿಯುವುದಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿ "ಅಚ್ಛಾ ಹೈ, ಬಹುತ್ ಅಚ್ಛಾ" ಎಂದರು. ನನಗೂ ಖುಷಿಯಾಯಿತು. ಇದರಲ್ಲಿ ನಾಚಿಕೆ ಪಡುವಂಥದ್ದು ಇದೆ ಎಂದು ಆ ದಿನ ನನಗೆ ಅನ್ನಿಸಲೇ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾವಿರುವ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಮತ್ತು ಅಕ್ಕಪಕ್ಕದಲ್ಲಿ ಮೂವತ್ತು ನಲವತ್ತು ಕನ್ನಡದ ಮನೆಗಳಿವೆ. ಪ್ರತಿ ಭಾನುವಾರ ನಮ್ಮ ಕ್ಲಬ್‌ಹೌಸಿನಲ್ಲಿ ಮಕ್ಕಳಿಗೆ ಕನ್ನಡ ಪಾಠ ನಡೆಯುತ್ತದೆ. ಪಾಠ ಹೇಳುವ ಹಿರಿಯರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತೇವೆ. ಅವರು ಶಾಲೆಯಲ್ಲಿ ಕಲಿಸಿದವರಲ್ಲ, ಕೇಂದ್ರ ಸರ್ಕಾರದ ಕಚೇರಿಯಲ್ಲಿ ದುಡಿದು ನಿವೃತ್ತರಾಗಿ ಘಾಜಿಯಾಬಾದಿನಲ್ಲೇ ಉಳಿದವರು. ಒಂದು ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ರೋ ಬದಲಿಸಿ ಬರುತ್ತಾರೆ. ನವೆಂಬರಿನಲ್ಲಿ ನಾವು ರಾಜ್ಯೋತ್ಸವ ಮಾಡುವಾಗ ಮಕ್ಕಳನ್ನು ವೇದಿಕೆ ಹತ್ತಿಸಿ ಎರಡು ಮಾತು ಆಡಿಸುವುದು ಅವರ ಪದ್ಧತಿ.

ಎರಡು ವರ್ಷದ ಹಿಂದೆ ನನ್ನ ಮಗಳು ವೇದಿಕೆ ಹತ್ತಿ ಮೈಕು ಹಿಡಿದು ನಿಂತೇ ಇದ್ದಳು. ಆಗ ಅವಳಿಗೆ ಹನ್ನೊಂದು ವರ್ಷ. ದೆಹಲಿಯಲ್ಲೇ ಹುಟ್ಟಿದ ಹುಡುಗಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅರ್ಥಮಾಡಿಕೊಂಡು ಹಿಂದಿಯಲ್ಲೋ ಹಿಂದಿ ಬೆರೆಸಿದ ಕನ್ನಡದಲ್ಲೋ ಉತ್ತರ ಕೊಡುವವಳು. ಒಂದು ನಿಮಿಷ ನಿಂತು, ನಮಸ್ಕಾರ ಮಾಡಿ ಇಳಿದು ಬಂದಳು. ಹಿಂದಿನ ಸಾಲಿನಲ್ಲಿದ್ದ ಹುಬ್ಬಳ್ಳಿ ಕಡೆಯ ಒಬ್ಬ ಹೆಂಗಸು, ಎದುರು ಟವರಿನಲ್ಲಿರುವವರು, ಮುಂದೆ ಬಾಗಿ ನನ್ನನ್ನು ಕೇಳಿದರು.

"ಪಾಪ, ಮನ್ಯಾಗ ಕನ್ನಡ ಮಾತಾಡೂದಿಲ್ಲೇನ್ರಿ?"

ಅವರು ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಮರುಗಿ ಕೇಳಿದರು. ಆದರೆ ಆ 'ಪಾಪ' ನನ್ನ ಗಂಟಲಿನಲ್ಲಿ ಒಂದು ವರ್ಷ ಸಿಕ್ಕಿಕೊಂಡಿತು. ನಾನು ತುಮಕೂರು ಕಡೆಯವನು, ಮನೆತುಂಬ ಕನ್ನಡ ಆಡಿ ಬೆಳೆದವನು. ನನ್ನ ಮಗಳಿಗೆ ಯಾರೋ ಪಾಪ ಎನ್ನುವುದೆಂದರೇನು? ನಿಜ ಹೇಳಬೇಕೆಂದರೆ ನನ್ನ ಸಂಕಟ ಅವಳ ಕನ್ನಡದ ಬಗ್ಗೆ ಇರಲಿಲ್ಲ, ನನ್ನ ಮರ್ಯಾದೆಯ ಬಗ್ಗೆ ಇತ್ತು. ಅವಳ ಕನ್ನಡದ ಚಿಂತೆಯಿದ್ದಿದ್ದರೆ ದಿನಾ ಅರ್ಧ ಗಂಟೆ ಕೂತು ಮಾತಾಡಿಸುತ್ತಿದ್ದೆ.

ಮರು ವರ್ಷ ಮೇಷ್ಟ್ರು ರಸಪ್ರಶ್ನೆ ಮಾಡೋಣವೆಂದರು. ಐದು ಮಕ್ಕಳು, ಒಬ್ಬೊಬ್ಬರಿಗೆ ಐದು ಸರದಿ. ಗೆದ್ದವರಿಗೆ ಅವರದೇ ಹಳೆಯ ಕನ್ನಡ ನಿಘಂಟು ಬಹುಮಾನ. ನಲವತ್ತು ವರ್ಷ ಅದರ ಅಂಚಿನಲ್ಲಿ ಅವರು ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬಂದಿದ್ದರು. ಪ್ರಶ್ನೆಗಳನ್ನು ಸ್ಲೈಡಿಗೆ ಹಾಕಿಕೊಡುವವರು ಯಾರು ಎಂದಾಗ ನಾನು ಕೈ ಎತ್ತಿದೆ. ಮೇಷ್ಟ್ರು ನಲವತ್ತು ಪ್ರಶ್ನೆಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದ ಹಾಳೆಗಳನ್ನು ನನ್ನ ಕೈಗಿತ್ತರು. "ಇಪ್ಪತ್ತೈದು ಹಾಕಿ. ಮಿಕ್ಕಿದ್ದು ಕೈಯಲ್ಲಿರಲಿ, ಬೇಕಾದ್ರೆ ಬಳಸೋಣ" ಎಂದರು. ಸ್ಪರ್ಧೆಗೆ ನಿಲ್ಲುವ ಹುಡುಗಿಯ ಅಪ್ಪನ ಕೈಗೆ ಪ್ರಶ್ನೆ ಕೊಡುತ್ತಿದ್ದೇನೆ ಎಂಬ ಅನುಮಾನ ಆ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಕೂತು ಮಾಡಿದೆ. ಹಳದಿ ಕೆಂಪು ಚೌಕಗಳ ಹಲಗೆ, ಒಂದರಿಂದ ಇಪ್ಪತ್ತೈದರವರೆಗೆ ಸಂಖ್ಯೆ. ಮಗು ಒಂದು ಸಂಖ್ಯೆ ಹೇಳುತ್ತದೆ, ಅದನ್ನು ಒತ್ತಿದರೆ ಪ್ರಶ್ನೆ ತೆರೆಯುತ್ತದೆ. ಮನೆಯ ಚಿತ್ರ ಒತ್ತಿದರೆ ಹಲಗೆಗೆ ವಾಪಸ್, ಆಡಿದ ಚೌಕ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಚೆನ್ನಾಗಿ ಬಂತು. ಆಮೇಲೆ, ಟೀ ಕುಡಿಯುತ್ತ ಕೂತಿದ್ದವನು, ಪ್ರತಿ ಚೌಕದ ಕೆಳಗಿನ ಬಲಮೂಲೆಯಲ್ಲಿ ಕಾಣದ ಇನ್ನೊಂದು ಚೌಕ ಕೂರಿಸಿದೆ. ಯಾವ ಸಂಖ್ಯೆಯ ಮೂಲೆ ಒತ್ತಿದರೂ ಬೇರೊಂದು ಸಾಲಿನ ಪ್ರಶ್ನೆ ಬರುವ ಹಾಗೆ. ಆ ಸಾಲಿಗೆ ಮಿಕ್ಕ ಹದಿನೈದರಲ್ಲಿ ತೀರ ಸುಲಭದ ಆರನ್ನು ಆರಿಸಿಟ್ಟೆ. ಕೈ ತಾನಾಗಿ ಮಾಡಿತು ಎನ್ನಲಾರೆ. ಮೂಲೆಗಳನ್ನು ಒಂದೊಂದಾಗಿ ಅಳೆದು ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ನಿಲ್ಲಿಸಬೇಕು ಅನ್ನಿಸಿದ್ದರೆ ನಿಲ್ಲಿಸಬಹುದಿತ್ತು.

ಪ್ರಶ್ನೆಗಳನ್ನು ಇನ್ನೂ ಹಾಕಿರಲಿಲ್ಲ, ಅವುಗಳ ಜಾಗದಲ್ಲಿ ಬರೀ ಗುರುತುಗಳಿದ್ದವು. ಮಗಳು ಬಂದು ಪಕ್ಕದಲ್ಲಿ ಕೂತು ನಾನು ಟೆಸ್ಟ್ ಮಾಡ್ತೀನಿ ಎಂದಳು. ಪ್ರಶ್ನೆ ಅವಳ ಕಣ್ಣಿಗೆ ಬೀಳಬಾರದೆಂಬ ನಿಯತ್ತು ನನಗೆ ಆಗಲೂ ಇತ್ತು, ನೋಡಿ! ಗುರುತು ಮಾತ್ರ ಇದೆಯಲ್ಲ, ಮಾಡಲಿ ಎಂದು ಬಿಟ್ಟೆ. ಅವಳು ಪಟಪಟನೆ ಒತ್ತುತ್ತಾ ಹೋದವಳು ನಿಂತಳು.

"ಅಪ್ಪಾ, ಇದ್ರಲ್ಲಿ ಬಗ್ ಇದೆ. ಸೆವೆನ್ ಒತ್ತಿದ್ರೆ ಒಂದ್ಸಲ ಒಂದು ಬರುತ್ತೆ, ಕಾರ್ನರಲ್ಲಿ ಒತ್ತಿದ್ರೆ ದೂಸ್ರಾ ಬರುತ್ತೆ. ದೇಖೋ."

"ಹೌದಾ? ಸರಿ ಮಾಡ್ತೀನಿ ಬಿಡು."

"ಎಲ್ಲಾದ್ರಲ್ಲೂ ಇದೆ ಅಪ್ಪಾ. ಮೇಷ್ಟ್ರ ಮುಂದೆ ಹೀಗಾದ್ರೆ?"

"ಮಾಡ್ತೀನಿ ಅಂದ್ನಲ್ಲ" ಎಂದು ರೇಗಿದೆ. ಅವಳು ಎದ್ದು ಹೋದಳು. ನನ್ನ ಮರ್ಯಾದೆ ಹೋಗದಿರಲಿ ಎಂದು ಕಾಳಜಿ ಮಾಡಿದವಳ ಮೇಲೆ ನಾನು ರೇಗಿದ್ದೆ.

ಮುಂದಿನ ವಾರವೆಲ್ಲ ಆ ಆರು ಪ್ರಶ್ನೆಗಳನ್ನು ನಾನು ತಿಂಡಿಯ ಹೊತ್ತಿನಲ್ಲಿ ಏನೋ ಹರಟೆಯೆಂಬಂತೆ ಅವಳ ಕಿವಿಗೆ ಹಾಕಿದೆ. ಹಂಪಿ ಯಾವ ನದಿಯ ದಡದಲ್ಲಿದೆ ಗೊತ್ತಾ? ಅಪ್ಪನ ತಂಗಿಗೆ ಏನಂತ ಕರೀತೀವಿ? ಅವಳು ದೋಸೆ ಮುರಿಯುತ್ತ ಉತ್ತರ ಹೇಳಿದಳು, ಎಲ್ಲವೂ ಅವಳಿಗೆ ಗೊತ್ತಿದ್ದದ್ದೇ. ಅಪ್ಪ ಈಗ ತನ್ನೊಂದಿಗೆ ಕನ್ನಡದಲ್ಲಿ ಹರಟುತ್ತಾನೆಂದು ಅವಳಿಗೆ ಸಂತೋಷವಾದಂತಿತ್ತು, ತಾನೇ ಒಂದೆರಡು ಪ್ರಶ್ನೆ ನನ್ನನ್ನೂ ಕೇಳಿದಳು. ಆ ಸಂತೋಷವನ್ನು ನೆನೆದರೆ ಈಗಲೂ ನನಗೆ ತಿಂಡಿಯ ಮೇಜಿನ ಮುಂದೆ ಕೂರಲು ಮುಜುಗರವಾಗುತ್ತದೆ.

ಕಾರ್ಯಕ್ರಮದ ಭಾನುವಾರ ಕ್ಲಬ್‌ಹೌಸ್ ತುಂಬಿತ್ತು. ಲಕ್ಷ್ಮೀ ನಗರದಲ್ಲಿ ಹೋಟೆಲು ಇಟ್ಟಿರುವ ಕರಾವಳಿಯ ಸಂಸಾರವೊಂದು ದೊಡ್ಡ ಡಬ್ಬಿಗಳಲ್ಲಿ ಗೋಳಿಬಜೆ, ಶೀರಾ ತಂದಿತ್ತು. ಅವರ ಮಗಳೂ ಸ್ಪರ್ಧೆಯಲ್ಲಿದ್ದಳು. ಹೋಟೆಲಿನ ಮೂಲೆಯ ಮೇಜಿನಲ್ಲೇ ಹೋಂವರ್ಕ್ ಮಾಡಿ, ಮೇಷ್ಟ್ರ ಪಾಠವನ್ನು ಒಂದು ಭಾನುವಾರವೂ ತಪ್ಪಿಸದ ಹುಡುಗಿ. ನಾನು ನನ್ನ ಲ್ಯಾಪ್‌ಟಾಪನ್ನೇ ತಂದಿದ್ದೆ, ಬೇರೆಯದರಲ್ಲಿ ಮ್ಯಾಕ್ರೋ ನಡೆಯದೆ ಕೈಕೊಡಬಹುದು ಎಂದು. ಹಿಂದೆ ಕೂತ ಹಿರಿಯರಿಗೂ ಕಾಣಲೆಂದು ಪರದೆಯ ಮೇಲಿನ ಬಾಣವನ್ನು ದೊಡ್ಡದು ಮಾಡಿದ್ದೆ. ಗೋಡೆಯ ಮೇಲೆ ಅದು ಅಂಗೈಯಷ್ಟು ಅಗಲ ಕಾಣುತ್ತಿತ್ತು.

ಉಳಿದ ಮಕ್ಕಳ ಸರದಿಯಲ್ಲಿ ನಡುವೆ ಒತ್ತಿದೆ. ನನ್ನ ಮಗಳು ಏಳು ಎಂದಳು. ಬಾಣವನ್ನು ಏಳರ ಮೇಲೆ ಒಯ್ದು, ಹಾಗೇ ಕೆಳಗೆ ಜಾರಿಸಿ, ಬಲಮೂಲೆಯಲ್ಲಿ ಒತ್ತಿದೆ. ಇಡೀ ಸಭೆ ಆ ಬಾಣವನ್ನು ನೋಡುತ್ತಿತ್ತು. ಅದರ ಅರ್ಥ ಗೊತ್ತಿದ್ದವರು ಇಬ್ಬರೇ.

ಹಂಪಿ ಯಾವ ನದಿಯ ದಡದಲ್ಲಿದೆ?

ಅವಳು ಪರದೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮೊದಲು ಅವಳ ಮುಖದಲ್ಲಿ ಬಗ್ ಇನ್ನೂ ಹಾಗೇ ಇದೆಯಲ್ಲ ಎಂಬ ಗಾಬರಿ ಇತ್ತು. ಪ್ರಶ್ನೆಯನ್ನು ಇನ್ನೊಮ್ಮೆ ಓದಿದಳು. ತಿಂಡಿಯ ಹೊತ್ತಿನ ಹರಟೆ ನೆನಪಾಗಿರಬೇಕು, ಗಾಬರಿ ಹೋಯಿತು. ಅದರ ಬದಲು ಬಂದದ್ದನ್ನು ನಾನು ಅಲ್ಲಿಯವರೆಗೆ ಆ ಮುಖದಲ್ಲಿ ಕಂಡಿರಲಿಲ್ಲ. ಅವಳಿಗೆ ನನ್ನ ಬಗ್ಗೆ ನಾಚಿಕೆಯಾಗಿತ್ತು.

"ಗೊತ್ತಿಲ್ಲ" ಎಂದಳು ಮೈಕಿನಲ್ಲಿ.

ಹೆದರಿದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ಸ್ಪಷ್ಟವಾಗಿ ಕಂಡದ್ದನ್ನೂ ಕಾಣದಂತೆ ಮಾಡಿಕೊಳ್ಳುವ ಶಕ್ತಿ ಮನುಷ್ಯನಿಗಿದೆ. ಎರಡನೆಯ ಸರದಿಯಲ್ಲಿ ಅವಳು ಹತ್ತೊಂಬತ್ತು ಎಂದಳು, ನಾನು ಮತ್ತೆ ಮೂಲೆ ಒತ್ತಿದೆ. ಅಪ್ಪನ ತಂಗಿಯನ್ನು ಏನೆಂದು ಕರೆಯುತ್ತೇವೆ? ಆ ದಿನ ಬೆಳಿಗ್ಗೆಯಷ್ಟೇ ನನ್ನ ತಂಗಿಯೊಂದಿಗೆ ಅವಳು ಫೋನಿನಲ್ಲಿ ಅತ್ತೆ ಅತ್ತೆ ಎಂದು ಕಾಲು ಗಂಟೆ ಮಾತಾಡಿದ್ದಳು. ಮುಂದಿನ ಸಾಲಿನಲ್ಲಿ ಕೂತ ನನ್ನ ಹೆಂಡತಿ ತುಟಿಯಲ್ಲೇ ಉತ್ತರ ಹೇಳತೊಡಗಿದಳು.

"ಗೊತ್ತಿಲ್ಲ."

ಸಭೆಯಲ್ಲಿ ಯಾರೋ ನಕ್ಕರು. ಹುಬ್ಬಳ್ಳಿಯವರು ಲೊಚಗುಟ್ಟಿದ್ದು ನನಗೆ ಲ್ಯಾಪ್‌ಟಾಪಿನ ಬಳಿಗೇ ಕೇಳಿಸಿತು. ಯಾವ ಪಾಪವನ್ನು ತಪ್ಪಿಸಲು ನಾನು ಇಷ್ಟೆಲ್ಲ ಮಾಡಿದೆನೋ ಅದು ಈಗ ಹಿಂದಿನ ವರ್ಷದ ಎರಡರಷ್ಟಾಗಿ ಬಂದು ಬಿತ್ತು. ಹಾಗಿದ್ದೂ ಮೂರನೆಯ ಸರದಿ ಬಂದಾಗ ನನ್ನ ಕೈ ಬಾಣವನ್ನು ಮೂಲೆಯ ಕಡೆಗೇ ಒಯ್ಯುತ್ತಿತ್ತು.

"ಹನ್ನೊಂದು" ಎಂದಳು. ಒಂದು ಉಸಿರು ಬಿಟ್ಟು, ಮೈಕು ಬಾಯಿಯ ಹತ್ತಿರವೇ ಹಿಡಿದು ಹೇಳಿದಳು. "ಮಧ್ಯದಲ್ಲಿ ಒತ್ತಿ ಅಪ್ಪಾ."

ಸಭೆಗೆ ಅದೇನೂ ವಿಶೇಷವಾಗಿ ಕೇಳಿಸಲಿಲ್ಲ. ಮಗಳು ಅಪ್ಪನಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದಾಳೆ ಎಂದು ಒಂದಿಬ್ಬರು ಮುಗುಳ್ನಕ್ಕರು. ನನಗೆ ಮಾತ್ರ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ನಡುವೆ ಒತ್ತಿದೆ. ಹೊಲದಲ್ಲಿ ಬೀಜ ಬಿತ್ತಲು ಬಳಸುವ ಸಾಧನದ ಹೆಸರೇನು ಎಂಬ ಪ್ರಶ್ನೆ ಬಂತು. ಅವಳು ಹುಬ್ಬು ಗಂಟಿಕ್ಕಿ, ತನ್ನ ಪೂರ್ತಿ ಸಮಯ ತೆಗೆದುಕೊಂಡು ಯೋಚಿಸಿದಳು.

"ನೇಗಿಲು?"

"ಹತ್ತಿರ ಬಂದೆ ಮಗು" ಎಂದರು ಮೇಷ್ಟ್ರು. "ಅದು ಉಳೋದಕ್ಕೆ. ಬಿತ್ತೋದಕ್ಕೆ ಕೂರಿಗೆ."

ಅವಳು ಕೂರಿಗೆ, ಕೂರಿಗೆ ಎಂದು ಎರಡು ಸಲ ತನ್ನಷ್ಟಕ್ಕೆ ಹೇಳಿಕೊಂಡಳು. ಉಳಿದ ಎರಡು ಸರದಿಗಳಲ್ಲಿ ಒಂದಕ್ಕೆ ಸರಿಯಾದ ಉತ್ತರ ಕೊಟ್ಟಳು. ಅಷ್ಟು ಹೊತ್ತಿಗೆ ಜನರ ಗಮನ ಬೇರೆ ಮಕ್ಕಳ ಕಡೆಗೆ ಹೋಗಿತ್ತು. ಹೋಟೆಲಿನವರ ಮಗಳು ಗೆದ್ದಳು, ನಿಘಂಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಇಳಿದಳು. ಹೋಗುವ ಮುಂಚೆ ನನ್ನ ಬಳಿ ಬಂದು "ಅಂಕಲ್, ಗೇಮ್ ಭಾರೀ ಲಾಯ್ಕ್ ಇತ್ತು, ಥ್ಯಾಂಕ್ಸ್" ಎಂದಳು. ನಾನು ಗೆಲ್ಲಿಸಬೇಕೆಂದಿದ್ದವಳು ಗೆದ್ದಿದ್ದರೆ ಈ ಹುಡುಗಿಯ ಕೈ ಖಾಲಿಯಿರುತ್ತಿತ್ತು. ಅವಳ ಮುಖ ನೋಡಲಾಗದೆ ವೈರುಗಳನ್ನು ಸುತ್ತಿಕೊಳ್ಳುತ್ತ ನಿಂತೆ.

ನಮ್ಮ ಮನೆ ಹನ್ನೊಂದನೆಯ ಮಹಡಿಯಲ್ಲಿದೆ. ಲಿಫ್ಟಿನ ಬಾಗಿಲು ಮುಚ್ಚುತ್ತಲೇ ಹೆಂಡತಿ ಶುರುಮಾಡಿದಳು.

"ಅತ್ತೆ ಅನ್ನೋದು ಗೊತ್ತಿಲ್ವೇನೇ ನಿಂಗೆ? ಬೆಳಿಗ್ಗೆ ಮಾತಾಡಿದ್ದು ಯಾರ ಜೊತೆ? ಎಲ್ಲರೂ ನಮ್ಮನ್ನೇ ನೋಡಿ ನಗ್ತಿದ್ರು. ನಾಳೆಯಿಂದ ದಿನಾ ಒಂದು ಪುಟ ಕನ್ನಡ ಕಾಪಿ ಬರೀಬೇಕು, ಬರೀದೆ ಟಿವಿ ಇಲ್ಲ."

ಮಗಳು ಲಿಫ್ಟಿನ ಬಾಗಿಲಿನ ಮೇಲೆ ಬದಲಾಗುವ ಸಂಖ್ಯೆಗಳನ್ನು ನೋಡುತ್ತ ನಿಂತಿದ್ದಳು. ಒಂದು ಮಾತು ಸಾಕಿತ್ತು, ಅವಳು ಹೇಳಲಿಲ್ಲ. ಒಂದು ಮಾತು ಸಾಕಿತ್ತು, ನಾನೂ ಹೇಳಲಿಲ್ಲ. ಮೋಸ ಮಾಡಿದ್ದಕ್ಕಿಂತ, ಆ ಹನ್ನೊಂದು ಮಹಡಿ ಬಾಯಿ ಮುಚ್ಚಿಕೊಂಡು ನಿಂತದ್ದು ನನಗೆ ಹೆಚ್ಚು ನಾಚಿಕೆ ತರುತ್ತದೆ. ಮನೆಯ ಬಾಗಿಲು ತೆರೆಯುವಾಗ ಅವಳು ನನಗೆ ಮಾತ್ರ ಕೇಳುವಂತೆ ಕೇಳಿದಳು.

"ಬಗ್ ಸರಿ ಮಾಡ್ಲೇ ಇಲ್ವಾ ಅಪ್ಪಾ?"

ದಿನವೂ ಶಾಲೆಯಿಂದ ಬಂದು ಅವಳು ಒಂದು ಪುಟ ಬರೆದಳು. ಗೊಣಗಲಿಲ್ಲ. ನಾನು ಆಫೀಸಿನಿಂದ ಬರುವಾಗ ಮೇಜಿನ ಮೇಲೆ ನೋಟ್‌ಬುಕ್ ತೆರೆದಿರುತ್ತಿತ್ತು, ನನ್ನ ತಪ್ಪಿಗೆ ಅವಳ ಅಕ್ಷರಗಳು ಸಾಲಾಗಿ ಕೂತಿರುತ್ತಿದ್ದವು. ಎರಡು ವಾರ ಅದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಹೆಂಡತಿಗೆ ಎಲ್ಲ ಹೇಳಿದೆ. ಅವಳ ಕೈ ನಿಂತಿತು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ದಿದ್ದರೆ ಒಳ್ಳೆಯದಿತ್ತು.

"ಆ ನೋಟ್‌ಬುಕ್ ನೀವೇ ಹೋಗಿ ಅವಳ ಕೈಯಿಂದ ತಗೊಳ್ಳಿ" ಎಂದಳು. "ನಾನು ಹೋಗಿ ಏನಂತ ಹೇಳ್ಲಿ?"

ಹೋದೆ. ಅಮ್ಮನಿಗೆ ಹೇಳಿದ್ದೇನೆ, ಇನ್ನು ಬರೆಯುವುದು ಬೇಡ, ನಂದು ತಪ್ಪಾಯಿತು ಎಂದೆ. ಅವಳು ತಲೆ ಎತ್ತಲಿಲ್ಲ. "ಈ ಬುಕ್ ಮುಗೀಲಿ ಅಪ್ಪಾ, ಸ್ವಲ್ಪ ಪೇಜ್ ಬಚಾ ಇದೆ" ಎಂದು ಬರೆಯುತ್ತಲೇ ಇದ್ದಳು. ಆಮೇಲೆ, ನಾನು ಬಾಗಿಲ ಬಳಿ ಹೋದಾಗ, "ಮೇಷ್ಟ್ರಿಗೆ?" ಎಂದಳು.

ಮೇಷ್ಟ್ರಿಗೂ ಹೇಳಬೇಕಿತ್ತು. ಮುಂದಿನ ವರ್ಷಕ್ಕೂ ಅದೇ ಹಲಗೆ ಇರಲಿ, ಪೆನ್‌ಡ್ರೈವಿನಲ್ಲಿ ಕೊಡಿ ಎಂದು ಅವರು ಕೇಳಿಯೂ ಇದ್ದರು. ಕುಳಿತು ಇಪ್ಪತ್ತೈದು ಮೂಲೆಗಳನ್ನು ಅಳಿಸಿದೆ. ಮಗಳು ಬಂದು ಪಕ್ಕದಲ್ಲಿ ನಿಂತು, ಏನೂ ಕೇಳದೆ ಮೌಸ್ ತೆಗೆದುಕೊಂಡು, ಒಂದರಿಂದ ಇಪ್ಪತ್ತೈದರವರೆಗೆ ಪ್ರತಿ ಚೌಕದ ಬಲಮೂಲೆಯನ್ನು ಒತ್ತಿ ನೋಡಿದಳು. ಎಲ್ಲ ಅಳಿಸಿದೀನಿ ಕಣೇ ಎಂದು ನಾನು ಹೇಳಬಹುದಿತ್ತು. ಹಾಗೆ ಹೇಳುವ ಮುಖ ನನಗಿರಲಿಲ್ಲ. ಇಪ್ಪತ್ತೈದೂ ಆದ ಮೇಲೆ ಸರಿ ಇದೆ ಎಂದು ಹೋದಳು.

ಪೆನ್‌ಡ್ರೈವ್ ಹಿಡಿದು ಘಾಜಿಯಾಬಾದಿಗೆ ಹೋದೆ. ದಾರಿಯುದ್ದಕ್ಕೂ ಹೇಳುವ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಮೇಷ್ಟ್ರು ತಾವೇ ಕಾಫಿ ಸೋಸಿ ತಂದರು. "ನಿಮ್ಮ ಮಗಳದು ಒಳ್ಳೆ ಗುಣ" ಎಂದರು. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ನೇರವಾಗಿ ಹೇಳ್ತಾಳೆ. ಬೇರೆ ಮಕ್ಕಳು ಏನಾದ್ರೂ ಒಂದು ಗುಂಡು ಹಾರಿಸ್ತಾರೆ." ನಾನು ಕಾಫಿ ಕುಡಿದೆ. ಲೋಟ ಕೆಳಗಿಟ್ಟು ಪೆನ್‌ಡ್ರೈವನ್ನು ಅವರ ಕೈಗಿತ್ತೆ. ಸರಿ ಮೇಷ್ಟ್ರೇ, ಬರ್ತೀನಿ ಎಂದು ಎದ್ದುಬಂದೆ. ಮನೆಗೆ ಬಂದಾಗ ಮಗಳು ನನ್ನ ಮುಖ ನೋಡಿ, ಕೇಳುವುದೇನೂ ಇಲ್ಲವೆಂಬಂತೆ ತನ್ನ ಕೋಣೆಗೆ ಹೋದಳು.

ಈ ವರ್ಷವೂ ರಸಪ್ರಶ್ನೆ ನಡೆಯಿತು. ಸ್ಪರ್ಧೆಗೆ ನಿಲ್ಲುವುದಿಲ್ಲ, ಬೇಕಾದರೆ ಲ್ಯಾಪ್‌ಟಾಪಿನ ಮುಂದೆ ನಾನು ಕೂರುತ್ತೇನೆ ಎಂದಳು ಮಗಳು. ಮೇಷ್ಟ್ರು ಒಪ್ಪಿದರು. ಈಗ ಅವಳ ಕನ್ನಡ ಮೊದಲಿನಂತಿಲ್ಲ. ಕಾಪಿ ಬರೆದದ್ದರಿಂದಲೋ, ಛಲದಿಂದಲೋ, ಅತ್ತೆಗೆ ಕಾಗದ ಬರೆಯುವಷ್ಟು ಬಂದಿದೆ. ಅದು ಆ ಸಭೆಯಲ್ಲಿ ಯಾರಿಗೂ ತಿಳಿಯದು. ನಾನು ಮೊದಲ ಸಾಲಿನ ತುದಿಯಲ್ಲಿ, ಅವಳಿಂದ ಎರಡು ಮಾರು ದೂರದಲ್ಲಿ ಕೂತಿದ್ದೆ. ಹುಬ್ಬಳ್ಳಿಯವರು ಹಿಂದಿನಿಂದ ಬಾಗಿದರು.

"ಈ ಸರ್ತಿ ಮಗಳು ನಿಂತಿಲ್ಲೇನ್ರಿ? ಪಾಪ, ಕನ್ನಡ ಕಷ್ಟ ಆಗತೈತೇನ್ರಿ ಅಕಿಗೆ?"

ಅವಳಿಗೆ ಎಲ್ಲ ಗೊತ್ತಿತ್ತು, ಮೋಸ ಮಾಡಿದ್ದು ನಾನು. ಇಷ್ಟೇ ಹೇಳಬೇಕಾಗಿದ್ದದ್ದು. ನಾಲಿಗೆಯ ತುದಿಯವರೆಗೂ ಬಂತು. ಸುತ್ತ ಕೂತವರ ಮುಖ ನೋಡಿದೆ.

"ಹೌದ್ರೀ" ಎಂದೆ. "ಸ್ವಲ್ಪ ಕಷ್ಟ."

ಮಗಳು ತಿರುಗಿ ನೋಡಲಿಲ್ಲ. ವೇದಿಕೆಯ ಮೇಲಿದ್ದ ಮಗು ಹನ್ನೊಂದು ಎಂದಿತು. ಗೋಡೆಯ ಮೇಲಿನ ದೊಡ್ಡ ಬಾಣ ಇದ್ದಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಹನ್ನೊಂದರ ನಟ್ಟನಡುವಿಗೆ ಹೋಗಿ ಒತ್ತಿತು.